ಬೇಯಿಸಿದ ಕೆನೆ, ಕಂಬಳಿ ಹಣ್ಣು

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಕುರಿತು ಬರೆಯುವೆನೆಂದು ಒಪ್ಪಿಕೊಂಡಿದ್ದೆ. ತಾಳವಾಡಿ ಸೀಮೆಯ ಶಾಲೆಗಳಲ್ಲಿ 31 ವರ್ಷ ಕನ್ನಡ ಪಾಠ ಹೇಳಿದವಳಿಂದ ಓದುಗರು ನಿರೀಕ್ಷಿಸುವುದೂ ಅದನ್ನೇ. ಎರಡು ಪುಟ ಬರೆದೂ ಆಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವನಿಗೆ ಈಗ 85. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಪೂರ್ತಿ ಕೇಳಿಸಿಕೊಂಡು, "ಇದನ್ನ ಎಲ್ಲಾರೂ ಬರೀತಾರ ಕನವ್ವ. ನೀನು ಆ ತಣ್ಣನ ಗಿಣ್ಣಿನ ವಿಚಾರ ಬರಿ. ಬರದ್ರ ಪೂರ್ತಿ ಬರಿ, ಅರ್ಧ ಬರೀಬ್ಯಾಡ" ಎಂದಳು.

'ಪೂರ್ತಿ' ಎಂಬ ಆ ಮಾತಿನ ಒತ್ತು ಎಲ್ಲಿ ಬಿದ್ದಿತೆಂಬುದು ನನಗೆ ತಿಳಿಯಿತು. ಆದ್ದರಿಂದ ಶಾಲೆಗಳ ವಿಷಯವನ್ನು ಬೇರೆಯವರಿಗೆ ಬಿಟ್ಟು, ಇಟಲಿಯ ಒಂದು ಸಿಹಿ ತಿನಿಸಿನ ಬಗೆಗೆ, ಅದನ್ನು ಮಾಡಲು ನಾನು ಕಲಿತ ರೀತಿಯ ಬಗೆಗೆ ಹಾಗೂ ಅದನ್ನು ಮಾಡುತ್ತ ನಾನೆಸಗಿದ ಒಂದು ತಪ್ಪಿನ ಬಗೆಗೆ ಬರೆಯುತ್ತಿದ್ದೇನೆ. ಸಹೃದಯರು ಇದನ್ನು ಅಡುಗೆಯ ಲೇಖನವೆಂದು ಓದಿದರೂ ನನ್ನ ಅಭ್ಯಂತರವಿಲ್ಲ. ಅಳತೆಗಳನ್ನು ಸರಿಯಾಗಿಯೇ ಕೊಟ್ಟಿದ್ದೇನೆ.

ನನ್ನ ಮಗಳು ಇಟಲಿಯ ಟೊರಿನೋ ನಗರದಲ್ಲಿ ಎಂಜಿನಿಯರ್. ನಾನು ನಿವೃತ್ತಳಾದ ಮರುವರ್ಷ ಮೇ ತಿಂಗಳಿನಲ್ಲಿ ಅವಳಲ್ಲಿಗೆ ಹೋಗಿ ಎಂಬತ್ತು ದಿನ ಇದ್ದು ಬಂದೆ. ಟೊರಿನೋ ಇರುವುದು ಪೀಡ್ಮಾಂಟ್ ಪ್ರಾಂತದಲ್ಲಿ. ಅಲ್ಲಿನವರು ಪಿಯೆಮೊಂತೆ ಎನ್ನುತ್ತಾರೆ. ಬೆಟ್ಟದ ಬುಡ ಎಂದು ಅದರ ಅರ್ಥ. ಬಾನು ತಿಳಿಯಾಗಿರುವ ದಿನ ಬೀದಿಯ ತುದಿಯಲ್ಲಿ ಆಲ್ಪ್ಸ್ ಪರ್ವತದ ಹಿಮ ಕಾಣಿಸುತ್ತದೆ. ಮಗಳ ಮನೆಯ ಕೆಳಗಿನ ಅಂತಸ್ತಿನಲ್ಲಿ ಮನೆಯೊಡತಿಯ ವಾಸ. ಎಂಬತ್ತರ ಆಸುಪಾಸಿನ ಒಂಟಿ ಹೆಂಗಸು. ಆಕೆಗೆ ಇಂಗ್ಲಿಷ್ ಬಾರದು, ನನಗೆ ಇಟಾಲಿಯನ್ ಬಾರದು. ಮಗಳು ಕೆಲಸಕ್ಕೆ ಹೋದ ಮೇಲೆ ನಾವಿಬ್ಬರು ಆಕೆಯ ಅಡುಗೆಮನೆಯಲ್ಲಿ ಕುಳಿತು ಕೈಸನ್ನೆ, ಬಾಯಿಸನ್ನೆಗಳಲ್ಲಿ ಗಂಟೆಗಟ್ಟಲೆ ಮಾತನಾಡುತ್ತಿದ್ದೆವು. ಬಿಡಿಸಿ ಹೇಳಬೇಕಾದ ವಿಷಯಗಳು ಸಂಜೆ ಮಗಳು ಬರುವವರೆಗೆ ಕಾಯುತ್ತಿದ್ದವು.

ಜೂನ್ ತಿಂಗಳ ಒಂದು ಮಧ್ಯಾಹ್ನ ಆಕೆ ನನಗೆ ಪನ್ನಾ ಕೊತ್ತಾ ಮಾಡಿ ತೋರಿಸಿದರು. ಪನ್ನಾ ಎಂದರೆ ಕೆನೆ, ಕೊತ್ತಾ ಎಂದರೆ ಬೇಯಿಸಿದ್ದು. ಬೇಯಿಸಿದ ಕೆನೆ, ಅಷ್ಟೆ. ಆ ಹೆಸರಿನ ಎರಡು ಒತ್ತುಗಳನ್ನೂ ಅವರು ಬಹಳ ಆಸ್ಥೆಯಿಂದ ಉಚ್ಚರಿಸುತ್ತಾರೆ. ಒತ್ತಕ್ಷರಗಳನ್ನು ನುಂಗುವ ಮಕ್ಕಳೊಂದಿಗೆ ಜೀವಮಾನವಿಡೀ ಹೋರಾಡಿದ ನನಗೆ ಆ ಭಾಷೆಯ ಮೇಲೆ ತಟ್ಟನೆ ಗೌರವ ಹುಟ್ಟಿತು.

ಮಾಡುವ ಕ್ರಮ ಸರಳ. ಅರ್ಧ ಲೀಟರ್ ದಪ್ಪ ಕೆನೆ, 80 ಗ್ರಾಂ ಸಕ್ಕರೆ, ಸೀಳಿದ ಒಂದು ವೆನಿಲ್ಲಾ ಕಾಯಿ. ಇವನ್ನು ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುವಾಗಲೇ ಇಳಿಸಬೇಕು, ಕುದಿಯಬಾರದು. ಅಷ್ಟರಲ್ಲಿ ಗಾಜಿನಂತೆ ಪಾರದರ್ಶಕವಾದ ನಾಲ್ಕು ತೆಳು ಹಾಳೆಗಳು ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆದು ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗಿರುತ್ತವೆ. ಹಾಳೆಯೊಂದಕ್ಕೆ 2 ಗ್ರಾಂ ತೂಕ. ಅವನ್ನು ಹಿಂಡಿ ಬಿಸಿ ಕೆನೆಗೆ ಹಾಕಿ ಕದಡಿದರೆ ಕ್ಷಣಾರ್ಧದಲ್ಲಿ ಕಾಣದಾಗುತ್ತವೆ. ಸೋಸಿ, ಬಟ್ಟಲುಗಳಿಗೆ ಹುಯ್ದು, ಆರಿದ ಮೇಲೆ ಆರು ಗಂಟೆ ಫ್ರಿಜ್ಜಿನಲ್ಲಿಡಬೇಕು.

ಮೇಲೆ ಹಾಕುವ ಸಾರಿಗೆ ಆಕೆ ಪೇಟೆಯಿಂದ ರಾಸ್ಪ್‌ಬೆರಿ, ಬ್ಲ್ಯಾಕ್‌ಬೆರಿ, ಬ್ಲೂಬೆರಿ ತಂದಿದ್ದರು. ಇವಕ್ಕೆಲ್ಲ ಒಟ್ಟಾಗಿ ಅಲ್ಲಿ ಫ್ರುತ್ತಿ ದಿ ಬೋಸ್ಕೊ ಎನ್ನುತ್ತಾರೆ, ಕಾಡಿನ ಹಣ್ಣುಗಳು ಎಂದು. ಸಕ್ಕರೆ, ನಿಂಬೆರಸದೊಂದಿಗೆ ಅವು ಹತ್ತು ನಿಮಿಷ ಕುದಿದು ರಕ್ತವರ್ಣಕ್ಕೆ ತಿರುಗಿದವು. ಅರ್ಧವನ್ನು ಜರಡಿಯಲ್ಲಿ ಒತ್ತಿ ಬೀಜ ತೆಗೆದು, ಉಳಿದರ್ಧವನ್ನು ಇಡಿಯಾಗಿಯೇ ಸೇರಿಸಿದರು. ಸಾರು ಪೂರ್ತಿ ತಣಿಯುವವರೆಗೆ ಬಟ್ಟಲುಗಳ ಬಳಿಗೆ ಅದನ್ನು ಬಿಡಲಿಲ್ಲ. ಬಿಸಿ ಸಾರು ಬಿದ್ದರೆ ಹೆಪ್ಪುಗಟ್ಟಿದ್ದು ಮತ್ತೆ ಕರಗಿಬಿಡುತ್ತದೆ.

ಸಂಜೆ ಬಟ್ಟಲನ್ನು ಬಿಸಿನೀರಿನಲ್ಲಿ ಒಂದು ಗಳಿಗೆ ಅದ್ದಿ ತಟ್ಟೆಗೆ ಬೋರಲು ಹಾಕಿದರು. ಅದು ನಿಂತಿತು, ಆದರೆ ನಡುಗುತ್ತ ನಿಂತಿತು. ನಡುಗದಿದ್ದರೆ ಅಂಟು ಹೆಚ್ಚಾಗಿದೆ ಎಂದರ್ಥ, ಕುಸಿದರೆ ಕಡಿಮೆಯಾಗಿದೆ ಎಂದರ್ಥ. ಬಾಯಿಗಿಟ್ಟ ಕೂಡಲೇ ಅಗಿಯುವುದಕ್ಕೆ ಏನೂ ಉಳಿಯಲಿಲ್ಲ. ನಾನು ಎರಡು ಬಟ್ಟಲು ತಿಂದೆ.

ಆ ಗಾಜಿನ ಹಾಳೆಗಳೇನೆಂದು ರಾತ್ರಿ ಮಗಳನ್ನು ಕೇಳಿದೆ. ಮನೆಯೊಡತಿ ಅದನ್ನು ಕೊಲ್ಲಾ ದಿ ಪೆಶೆ ಎಂದಿದ್ದರು. "ಮೀನಿನ ಅಂಟು ಅಂತ ಅರ್ಥ ಅಮ್ಮಾ" ಎಂದಳು ಮಗಳು. ಒಂದು ಕಾಲದಲ್ಲಿ ಸ್ಟರ್ಜನ್ ಎಂಬ ಮೀನಿನ ಗಾಳಿಚೀಲವನ್ನು ಒಣಗಿಸಿ ಈ ಅಂಟನ್ನು ತೆಗೆಯುತ್ತಿದ್ದರು. ಹೆಸರು ಅದೇ ಉಳಿದಿದೆ. ಒಳಗಿರುವುದು ಈಗ ಬಹುಮಟ್ಟಿಗೆ ಹಂದಿಯ ಚರ್ಮದಿಂದ ತೆಗೆದ ಜೆಲಟಿನ್. ಪೊಟ್ಟಣದ ಮೇಲೂ ಹಾಗೆಯೇ ಬರೆದಿತ್ತು. ಹುಟ್ಟಿದಂದಿನಿಂದ ಸಸ್ಯಾಹಾರಿಯಾದ ನಾನು ಆ ರಾತ್ರಿ ಸ್ವಲ್ಪ ಹೊತ್ತು ನಿದ್ದೆಗೆಟ್ಟೆನಾದರೂ, ಪರದೇಶದಲ್ಲಿ ತಿಳಿಯದೆ ಆದದ್ದು ಎಂದು ಸಮಾಧಾನ ಮಾಡಿಕೊಂಡೆ. ತಿಳಿದ ಮೇಲೂ ಇನ್ನೊಮ್ಮೆ ತಿಂದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನನ್ನ ನಾಲಗೆಯ ಲೆಕ್ಕ ನನ್ನದು ಎಂದುಕೊಂಡಿದ್ದೆ.

ಪೀಡ್ಮಾಂಟಿನ ಪಾರಂಪರಿಕ ತಿನಿಸುಗಳ ಪಟ್ಟಿಗೆ ಅಲ್ಲಿನ ಪ್ರಾಂತೀಯ ಸರ್ಕಾರ 2001ರಲ್ಲಿ ಪನ್ನಾ ಕೊತ್ತಾವನ್ನು ಸೇರಿಸಿದೆ. ಆದರೆ 1960ರ ದಶಕಕ್ಕೆ ಹಿಂದಿನ ಇಟಲಿಯ ಅಡುಗೆ ಪುಸ್ತಕಗಳಲ್ಲಿ ಈ ಹೆಸರು ಕಾಣುವುದಿಲ್ಲವಂತೆ. ಮನೆಗಳಲ್ಲಿ ಹೆಂಗಸರು ಮಾಡುತ್ತಿದ್ದುದು ಪುಸ್ತಕಕ್ಕೆ ಬರಲು ತಡವಾಗಿರಬಹುದು ಎಂಬುದು ನನ್ನ ಊಹೆ. ಗಿಣ್ಣು ಮಾಡುವ ಕ್ರಮವನ್ನು ನಮ್ಮವ್ವನಿಗೆ ಯಾವ ಪುಸ್ತಕ ಕಲಿಸಿತ್ತು?

ಜೂನ್ ಮುಗಿಯುವ ಹೊತ್ತಿಗೆ ನಡೆದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದಿನದು ಅರ್ಥವಾಗದು. ಮನೆಯೊಡತಿ ನಮ್ಮಿಬ್ಬರನ್ನೂ ಕೂನಿಯೊ ಸೀಮೆಯ ಕರಾಲ್ಯೊ ಎಂಬ ಊರಿಗೆ ಕರೆದೊಯ್ದರು. ಅಲ್ಲಿ 1676 ಮತ್ತು 1678ರ ನಡುವೆ ಕಟ್ಟಿದ ರೇಷ್ಮೆ ನೂಲಿನ ಕಾರ್ಖಾನೆಯೊಂದಿದೆ. ಈಗ ಅದು ವಸ್ತುಸಂಗ್ರಹಾಲಯ. ದಾರಿಯಲ್ಲಿ ಒಂದು ಹಳೆಯ ಮರದ ಕೆಳಗೆ ನೆಲವೆಲ್ಲ ಕಪ್ಪು ಕಲೆಗಳಾಗಿದ್ದವು. ತಲೆಯೆತ್ತಿ ನೋಡಿದರೆ ಹಿಪ್ಪುನೇರಳೆ! ನಮ್ಮ ಕಂಬಳಿ ಹಣ್ಣು! ನಾನು ಚಿಕ್ಕ ಹುಡುಗಿಯಂತೆ ಕೈಚಾಚಿ ಕಿತ್ತು ಬಾಯಿಗೆ ಹಾಕಿಕೊಂಡದ್ದನ್ನು ಕಂಡು ಆಕೆಗೆ ಅಚ್ಚರಿ. ಮಗಳ ಮೂಲಕ ಹೇಳಿಸಿದೆ: ನಾನು ಹುಳದ ಮನೆಯಲ್ಲಿ ಬೆಳೆದವಳು.

ಆಕೆಯೂ ಹಾಗೆಯೇ ಬೆಳೆದವರು. ಆಕೆಯ ಅಜ್ಜಿಯ ಕಾಲದಲ್ಲಿ ಪೀಡ್ಮಾಂಟಿನ ಹೊಲಗಳ ಅಂಚಿನಲ್ಲೆಲ್ಲ ಹಿಪ್ಪುನೇರಳೆ ಮರಗಳಿದ್ದವು. ಮೊಟ್ಟೆ ಒಡೆಯುವ ದಿನಗಳಲ್ಲಿ ಹೆಂಗಸರು ಅವನ್ನು ಬಟ್ಟೆಯಲ್ಲಿ ಕಟ್ಟಿ ಎದೆಯ ಬಿಸುಪಿನಲ್ಲಿಟ್ಟುಕೊಳ್ಳುತ್ತಿದ್ದರಂತೆ. ಹುಳು ಪೊರೆ ಬಿಡುವುದನ್ನು ಅವರು 'ನಿದ್ದೆ' ಎನ್ನುತ್ತಾರೆ. ಮೊದಲ ನಿದ್ದೆ, ಎರಡನೆಯ ನಿದ್ದೆ. ನಾವು 'ಜ್ವರ' ಎನ್ನುತ್ತೇವೆ. ಒಂದನೆಯ ಜ್ವರ, ಎರಡನೆಯ ಜ್ವರ. ಅದೇ ಹುಳು, ಅದೇ ಸೊಪ್ಪು. ಅಲ್ಲಿ ನಿದ್ರಿಸಿದ್ದು ಇಲ್ಲಿ ಜ್ವರ ಬಂದು ಮಲಗಿತು. ಹುಳುವಿಗೆ ಆಕೆ ಹೇಳಿದ ಹೆಸರು ಬಿಗಾತ್. ಮಗಳು ತಡೆದು, "ಇದು ಇಟಾಲಿಯನ್ ಪದ ಅಲ್ಲಮ್ಮಾ" ಎಂದಳು. ಅದು ಪೀಡ್ಮಾಂಟೀಸ್, ಆ ಸೀಮೆಯ ಸ್ವಂತ ನುಡಿ. ಆಕೆ ತಮ್ಮನೊಂದಿಗೆ ದೂರವಾಣಿಯಲ್ಲಿ ಆಡುತ್ತಿದ್ದುದು ಅದನ್ನೇ. ಮಗನೊಂದಿಗೆ ಆಡುವುದು ಇಟಾಲಿಯನ್. ಮಗನಿಗೆ ಬಿಗಾತ್ ಎಂದರೆ ತಿಳಿಯದು. ಅಳಿವಿನ ಅಂಚಿನ ಭಾಷೆಗಳ ಯುನೆಸ್ಕೋ ಪಟ್ಟಿಯಲ್ಲಿ ಅದೂ ಇದೆ. ಆಕೆ ದುಃಖದಿಂದೇನೂ ಹೇಳಲಿಲ್ಲ. ಹೆಗಲು ಕುಣಿಸಿ, ಇನ್ನೊಂದು ಹಣ್ಣು ಕಿತ್ತುಕೊಟ್ಟರು.

ಇಟಲಿಗೂ ನಮ್ಮ ರೇಷ್ಮೆಗೂ ನಂಟು ಇಂದಿನದಲ್ಲ. 1860ರ ದಶಕದಲ್ಲಿ ಮೈಸೂರು ಸೀಮೆಯ ಹುಳುಗಳು ರೋಗದಿಂದ ನಶಿಸುತ್ತಿದ್ದಾಗ ಡಿ ವೆಕ್ಕಿ ಎಂಬ ಇಟಲಿಯವರು ಜಪಾನಿನಿಂದ ಹೊಸ ಮೊಟ್ಟೆ ತರಿಸಿ ಆ ಕಸುಬನ್ನು ಉಳಿಸಲು ಯತ್ನಿಸಿದರು. ನಮ್ಮ ಅಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದುದು ಕೊಳ್ಳೇಗಾಲದ ಪೇಟೆ. 1956ಕ್ಕೆ ಮುಂಚೆ ಕೊಳ್ಳೇಗಾಲವೂ ನಾವೂ ಒಂದೇ ಕೊಯಮತ್ತೂರು ಜಿಲ್ಲೆಯವರು. ರಾಜ್ಯಗಳ ಮರುವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದ್ರಾಸಿನಲ್ಲಿ ಉಳಿಯಿತು. ಗೂಡಿನ ಮೂಟೆಗಳು ಮಾತ್ರ ಹಳೆಯ ದಾರಿಯಲ್ಲೇ ಹೋಗಿಬರುತ್ತಿದ್ದವು. ವರ್ಷಕ್ಕೆ ಐದು ಬೆಳೆ. ಕೊನೆಯ ಜ್ವರವೆದ್ದ ಹುಳುಗಳು ರಾತ್ರಿ ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ಕೇಳುತ್ತಿತ್ತು. ಅದನ್ನು ಕೇಳುತ್ತ ನಾವು ಮಕ್ಕಳು ಚಂದ್ರಂಕಿಗಳ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದೆವು. ನಾನು ಮೈಸೂರಿನಲ್ಲಿ ಓದಿದ್ದು ಆ ದುಡ್ಡಿನಲ್ಲಿ.

ಊರಿಗೆ ಮರಳುವಾಗ ಮನೆಯೊಡತಿ ಮೂರು ಪೊಟ್ಟಣ ಮೀನಿನ ಅಂಟನ್ನು ನನ್ನ ಪೆಟ್ಟಿಗೆಯಲ್ಲಿಟ್ಟರು. ಬೇಡವೆನ್ನಲು ನನಗೆ ಭಾಷೆಯಿರಲಿಲ್ಲ, ಮನಸ್ಸೂ ಇರಲಿಲ್ಲ. ಮನೆಗೆ ಬಂದು ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಖಾಲಿ ಡಬ್ಬಿಗಳ ಹಿಂದೆ ಇಟ್ಟೆ. ಬಚ್ಚಿಡುವುದು ಅಂದೇ ಶುರುವಾಗಿತ್ತು.

ಮುಂದಿನ ಚಳಿಗಾಲದಲ್ಲಿ ಅವ್ವ ಜ್ವರದಿಂದ ಮಲಗಿದಳು. ಎದೆಯಲ್ಲಿ ಕಫ ಕಟ್ಟಿ, ಎರಡು ವಾರ ಔಷಧವಾಗಿ, ಜ್ವರ ಬಿಟ್ಟರೂ ಊಟ ಹತ್ತಲಿಲ್ಲ. ಗಂಜಿ ಎರಡು ಚಮಚೆಗೆ ಸಾಕೆನ್ನುತ್ತಿದ್ದಳು. ರಾಗಿ ಅಂಬಲಿಯನ್ನು ಬಾಯಲ್ಲೇ ಇಟ್ಟುಕೊಂಡು ನುಂಗಲು ಮರೆಯುತ್ತಿದ್ದಳು. ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ಹಾಲು, ಕೆನೆ, ಅವರು ಇಷ್ಟಪಟ್ಟದ್ದು ಏನಾದರೂ ಕೊಡಿ ಎಂದರು ವೈದ್ಯರು. ಏನು ಬೇಕವ್ವ ಎಂದರೆ ಒಂದೇ ಮಾತು: "ಗಿಣ್ಣು."

ಗಿಣ್ಣಿಗೆ ಈದ ಹಸುವಿನ ಮೊದಲ ದಿನಗಳ ಹಾಲು ಬೇಕು. ಹುಳದ ಮನೆ ಮುಚ್ಚಿದ ಹಾಗೆ ನಮ್ಮ ಕೊಟ್ಟಿಗೆಯೂ ಖಾಲಿಯಾಗಿ ವರ್ಷಗಳಾಗಿದ್ದವು. ಬೀದಿಯಲ್ಲಿ ವಿಚಾರಿಸಿದೆ, ಹಾಲಿನ ಸೊಸೈಟಿಯಲ್ಲಿ ಕೇಳಿದೆ. ಆ ವಾರ ಯಾರ ಮನೆಯಲ್ಲೂ ಹಸು ಈದಿರಲಿಲ್ಲ. ಆಗ ನನ್ನ ಕಣ್ಣು ಮೇಲಿನ ಹಲಗೆಗೆ ಹೋಯಿತು.

ಹಾಲೂ ಪೇಟೆಯ ಕೆನೆಯೂ ಬೆರೆಸಿ, ವೆನಿಲ್ಲಾ ಬದಲು ಏಲಕ್ಕಿ ಹಾಕಿ, ನಾಲ್ಕು ಹಾಳೆ ಕರಗಿಸಿ ಮಾಡಿದೆ. ಬದುವಿನ ಮೇಲೆ ಯಾರೂ ಸವರದೆ ಮರವಾಗಿ ಬೆಳೆದ ಹಿಪ್ಪುನೇರಳೆಗಳು ನಾಲ್ಕು ಉಳಿದಿವೆ. ಸೊಪ್ಪಿಗಾಗಿ ಸವರುತ್ತಲೇ ಇದ್ದರೆ ಆ ಗಿಡ ಹಣ್ಣು ಬಿಡುವುದು ಕಡಿಮೆ. ಬಿಟ್ಟರೆ ಕೊಂಬೆ ತುಂಬ ಕಟ್ಟುತ್ತದೆ. ಆಗಷ್ಟೇ ಮೊದಲ ಹಣ್ಣುಗಳು ಕಪ್ಪಾಗಿದ್ದವು. ಅದರದೇ ಸಾರು ಮಾಡಿದೆ. ರಾತ್ರಿಯೆಲ್ಲ ತಣಿಯಲಿಟ್ಟು, ಬೆಳಿಗ್ಗೆ ಚಳಿ ಬಿಡುವಷ್ಟು ಹೊತ್ತು ಹೊರಗಿರಿಸಿ, ಅವ್ವನ ತುಟಿಗೆ ಒಂದು ಚಮಚೆ ಹಿಡಿದೆ.

ಅವಳು ಕಣ್ಣುಬಿಟ್ಟಳು. ಬಟ್ಟಲು ಖಾಲಿಯಾಯಿತು. "ಇನ್ನೊಂದೀಟು ಅದಾ?" ಎಂದಳು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಕೇಳಿದ ಆ ಮಾತಿಗೆ ನಾನು ಅಡುಗೆಮನೆಗೆ ಹೋಗಿ ಅತ್ತೆ. ಮರಳಿ ಬಂದಾಗ, "ತಣ್ಣನ ಗಿಣ್ಣು ಇದು. ಏನೇನ್ ಹಾಕಿದೈ?" ಎಂದು ಕೇಳಿದಳು. "ಹಾಲು, ಕೆನೆ, ಸಕ್ಕರೆ" ಎಂದೆ. ನಾಲ್ಕರಲ್ಲಿ ಮೂರನ್ನು ಹೇಳಿದೆ.

ಒಂಬತ್ತು ದಿನ ಹೀಗೆ ನಡೆಯಿತು. ದಿನಕ್ಕೆ ಎರಡು ಬಟ್ಟಲು. ಗಂಜಿಯೂ ಮೆಲ್ಲಮೆಲ್ಲನೆ ಹತ್ತತೊಡಗಿತು. ನನ್ನ ಬಳಿ ಸಮರ್ಥನೆಗಳಿಗೆ ಬರವಿರಲಿಲ್ಲ. ಅವಳು ನುಂಗುತ್ತಿದ್ದ ಗುಳಿಗೆಗಳ ಕವಚವೂ ಜೆಲಟಿನ್ನೇ ಅಲ್ಲವೇ? ಅದನ್ನು ಯಾರು ಹೇಳಿ ಕೊಟ್ಟರು? ಜೀವ ದೊಡ್ಡದೋ ವ್ರತ ದೊಡ್ಡದೋ? ತರಗತಿಯಲ್ಲಿ ಇಂಥ ಪ್ರಶ್ನೆಗಳನ್ನು ಚರ್ಚಾಸ್ಪರ್ಧೆಗೆ ಕೊಟ್ಟವಳು ನಾನೇ. ಆದರೂ ಪ್ರತಿ ಸಲ ಆ ಹಾಳೆಗಳನ್ನು ನೆನೆಸುವಾಗ ಅಡುಗೆಮನೆಯ ಬಾಗಿಲನ್ನು ಮುಂದೂಡುತ್ತಿದ್ದೆ. ಕದ ಮುಚ್ಚಿ ಮಾಡುವ ಅಡುಗೆ ಎಂಥದೆಂದು ನನ್ನ ಕೈಗೆ ಗೊತ್ತಿತ್ತು.

ಹತ್ತನೆಯ ದಿನದ ಸಂಜೆ ಅವ್ವ ಗೋಡೆಗೊರಗಿ ಕುಳಿತು ಹೇಳಿದಳು: "ನಾಳಿಕ ಶಿವರಾತ್ರಿ. ಬೆಟ್ಟಕ್ಕಂತೂ ಹೋಗಕಾಗಲ್ಲ. ನನ್ನ ಎಬ್ಬಿಸಿ ಕೂರ್ಸಿದ್ದು ಈ ಗಿಣ್ಣು. ಇದನ್ನೇ ಮಾದಪ್ಪನ್ಗ ಎಡ ಇಡವ."

ನಮ್ಮ ಸೀಮೆಯವರಿಗೆ ಮಲೆ ಮಾದಪ್ಪ ಏನೆಂಬುದನ್ನು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ನನ್ನ ನಂಬಿಕೆ ಅವ್ವನಷ್ಟು ಗಟ್ಟಿಯಲ್ಲ. ಆದರೂ ಆ ಎಡೆಯ ತಟ್ಟೆಯನ್ನು ನನ್ನ ಕೈಯಿಂದಲೇ ಅವಳ ಕೈಗೆ ಕೊಡುವುದು ನನ್ನಿಂದಾಗದು ಎಂಬುದು ಆ ಕ್ಷಣದಲ್ಲೇ ತಿಳಿಯಿತು. ಅವಳ ನಾಲಗೆಗೆ ಮಾಡಿದ್ದನ್ನು ಅವಳ ಭಕ್ತಿಗೂ ಮಾಡಲಾರೆ. ಹಲಗೆಯ ಮೇಲಿನ ಪೊಟ್ಟಣವನ್ನು ತಂದು ಅವಳ ಮುಂದಿಟ್ಟು, ಇದೇನು, ಎಲ್ಲಿಯದು, ಯಾವ ಪ್ರಾಣಿಯದು ಎಂಬುದನ್ನೆಲ್ಲ ಹೇಳಿದೆ. ಒಂಬತ್ತು ದಿನದ ಲೆಕ್ಕವನ್ನೂ ಹೇಳಿದೆ.

ಅವಳು ಪೊಟ್ಟಣವನ್ನು ಮುಟ್ಟಿ ನೋಡಲಿಲ್ಲ. ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಬೆಳಿಗ್ಗೆ, ಬೇಡವೆಂದರೂ ಕೇಳದೆ ನೀರು ಹುಯ್ಯಿಸಿಕೊಂಡಳು, ವಿಭೂತಿ ಧರಿಸಿದಳು. ಇಡೀ ದಿನ ಹನಿ ಹಾಲನ್ನೂ ಮುಟ್ಟಲಿಲ್ಲ. ಆ ದೇಹ ಉಪವಾಸವನ್ನು ತಾಳುವ ಸ್ಥಿತಿಯಲ್ಲಿರಲಿಲ್ಲ. ನಾನು ರಾತ್ರಿಯಿಡೀ ಪಕ್ಕದಲ್ಲಿ ಕುಳಿತಿದ್ದೆ. ಅದು ಶಿವರಾತ್ರಿಯ ಜಾಗರಣೆ ಎಂದು ನೋಡಿದವರು ತಿಳಿದಿರಬಹುದು.

ಬೆಳಗಿನ ಜಾವ ಅವಳೇ ಮಾತೆತ್ತಿದಳು. ಆ ಮಾತನ್ನು ಆದಷ್ಟು ಅವಳ ನುಡಿಯಲ್ಲೇ ಕೊಡುತ್ತೇನೆ.

"ನಿಮ್ಮಪ್ಪ ಇದ್ದಾಗ ವರ್ಸಕ್ಕ ಐದು ಬೆಳ ತಗೀತಿದ್ದೊ. ಗೂಡೊಳಗ ಹುಳ ಜೀವಂತ ಇರ್ತಿತ್ತು. ಪ್ಯಾಟೇಲಿ ಅದನ್ನ ಕುದಿಯ ನೀರ್ಗ ಹಾಕ್ತಾರ ಅನ್ನದು ನನಗ ಗೊತ್ತಿರ್ನಿಲ್ವ? ಎದ ಮ್ಯಾಲ ಇಟ್ಕಂಡು ಸಾಕಿ, ಕುದಿಯಾ ಕೊಪ್ಪರಿಗ್ಗ ಕಳಿಸ್ದವ್ಳು ನಾನು. ಅದರ ದುಡ್ಡಲ್ಲೇ ನೀನು ಓದಿದ್ದು. ನಾನೇನು ಪಾಪ ಮಾಡ್ದವ್ಳಲ್ಲ ಅಂತ ನನಗ ಯಾವತ್ತೂ ಅನಿಸ್ನಿಲ್ಲ. ಬೆಳ ಬೆಳಗೂ ಮಾದಪ್ಪನ್ಗ ತಪ್ಪುಕಾಣಿಕ ಕಟ್ಟೀನಿ. ಅವನಿಂದ ಮುಚ್ಚಿಡ್ನಿಲ್ಲ. ನೀನು ನನ್ನಿಂದ ಮುಚ್ಚಿಟ್ಟೆ. ಹಾಕಿದ್ದಲ್ಲ ಕನವ್ವ, ಹೇಳ್ದೆ ಹಾಕಿದ್ದು."

ನಾನು ಉತ್ತರಿಸಲಿಲ್ಲ. ಅವಳು ದಿಂಬಿನ ಕೆಳಗಿನಿಂದ ಎರಡು ನಾಣ್ಯ ತೆಗೆದಳು. ಅರಿಸಿನದ ಬಟ್ಟೆಯಲ್ಲಿ ಒಂದನ್ನು ತಾನು ಕಟ್ಟಿ, ಇನ್ನೊಂದನ್ನು ನನ್ನ ಕೈಯಲ್ಲಿ ಕಟ್ಟಿಸಿದಳು. ತಿಂದದ್ದಕ್ಕೆ ಅವಳದು, ತಿನ್ನಿಸಿದ್ದಕ್ಕೆ ನನ್ನದು. ಅದಾದ ಮೇಲೆ ಗಂಜಿ ಕೇಳಿದಳು. "ಆ ಅಂಟಿಲ್ದೆ ಮಾಡಕಾಗಲ್ವ? ಗಿಣ್ಣೇನು ಅಂಟು ಹಾಕುದ್ರ ನಿಂತ್ಕತದಾ?"

ಗಿಣ್ಣಿಗೆ ಅಂಟು ಬೇಡ. ಆ ಹಾಲಿನಲ್ಲೇ ಇರುವ ಸಾರಾಂಶ ಹಬೆಗೆ ತಾನಾಗಿ ಹೆಪ್ಪುಗಟ್ಟುತ್ತದೆ. ಮಾಮೂಲಿ ಹಾಲಿಗೆ ಆ ಗುಣವಿಲ್ಲ. ಹಾಗಾಗಿ ನಾನು ಚೈನಾ ಗ್ರಾಸಿನ ಮೊರೆಹೋದೆ. ನಮ್ಮ ದಿನಸಿ ಅಂಗಡಿಯಲ್ಲಿ ತಮಿಳಿನ ಕಡಲ್ ಪಾಸಿ ಎಂಬ ಹೆಸರಿನಲ್ಲೇ ಅದು ಸಿಗುತ್ತದೆ. ಕಡಲ ಪಾಚಿ ಎಂದು ನೇರವಾಗಿ ಕನ್ನಡಕ್ಕೆ ತಂದುಕೊಳ್ಳಬಹುದು. ನಮ್ಮ ರಾಜ್ಯದ್ದೇ ಆದ ರಾಮನಾಥಪುರದ ಕಡಲಿನಲ್ಲಿ ಮೀನುಗಾರ ಹೆಂಗಸರು ಮುಳುಗಿ ಕಿತ್ತು ತರುವ ಪಾಚಿಯಿಂದಲೂ ಇದು ತಯಾರಾಗುತ್ತದೆ.

ಮೊದಲ ಸಲ ಅರ್ಧ ಲೀಟರಿಗೆ 10 ಗ್ರಾಂ ಹಾಕಿದೆ. ತಟ್ಟೆಗೆ ಬೋರಲಿಸಿದರೆ ಇಟ್ಟಿಗೆಯಂತೆ ಬಿತ್ತು. ಎರಡನೆಯ ಸಲ 2 ಗ್ರಾಂ. ಪಾಯಸದಂತೆ ಕುಡಿದು ಮುಗಿಸಿದೆವು. ಮೂರನೆಯ ಸಲ ಕಾದ ಕಡಲ ಪಾಚಿಗೆ ಫ್ರಿಜ್ಜಿನ ತಣ್ಣನೆಯ ಕೆನೆ ಸುರಿದು ಗಂಟು ಕಟ್ಟಿಸಿದೆ. ಜೆಲಟಿನ್ನಿನ ಸ್ವಭಾವವೇ ಬೇರೆ, ಇದರ ಸ್ವಭಾವವೇ ಬೇರೆ. ಅದನ್ನು ಕುದಿಸಬಾರದು, ಇದನ್ನು ಕುದಿಸದಿದ್ದರೆ ಕರಗದು. ಅದು ಹೆಪ್ಪುಗಟ್ಟಲು ಚಳಿ ಬೇಡುತ್ತದೆ. ಇದು ಅಡುಗೆಮನೆಯ ಕಟ್ಟೆಯ ಮೇಲೆಯೇ ಗಟ್ಟಿಯಾಗುತ್ತದೆ.

ಕೊನೆಗೆ ನಿಂತ ಅಳತೆ ಇದು. ಚೈನಾ ಗ್ರಾಸ್ ಎಳೆಗಳು 4 ಗ್ರಾಂ. ಇದನ್ನು ಕಣ್ಣಳತೆಯಲ್ಲಿ ಹಾಕದೆ ತೂಗಿಯೇ ಹಾಕಬೇಕು. 150 ಮಿಲಿಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎಳೆಯೊಂದೂ ಉಳಿಯದಂತೆ ಕುದಿಸಿ ಕರಗಿಸಬೇಕು. ಇನ್ನೊಂದು ಪಾತ್ರೆಯಲ್ಲಿ 300 ಮಿಲಿಲೀಟರ್ ಗಟ್ಟಿ ಹಾಲು, 200 ಮಿಲಿಲೀಟರ್ ಕೆನೆ, 70 ಗ್ರಾಂ ಸಕ್ಕರೆ, ಎರಡು ಏಲಕ್ಕಿಯನ್ನು ಬಿಸಿ ಮಾಡಿ, ಎರಡೂ ಬಿಸಿಯಿರುವಾಗಲೇ ಬೆರೆಸಿ ಸೋಸಿ ಬಟ್ಟಲಿಗೆ ಹುಯ್ಯಬೇಕು. ಹಾಲಿನ ಮೇಲೆ ಕಟ್ಟುವ ಮನೆಯ ಕೆನೆ ಇದಕ್ಕೆ ಒಗ್ಗದು. ಬೆಣ್ಣೆಯ ಹರಳುಗಳು ತೇಲುತ್ತವೆ. ಸಾರಿಗೆ 250 ಗ್ರಾಂ ಕಂಬಳಿ ಹಣ್ಣು, 60 ಗ್ರಾಂ ಸಕ್ಕರೆ, ಅರ್ಧ ನಿಂಬೆ. ಹಣ್ಣಿನ ಹಸಿರು ತೊಟ್ಟನ್ನು ಕತ್ತರಿಸುವ ಬೇಸರವೊಂದನ್ನು ಸಹಿಸಿಕೊಳ್ಳಬೇಕು. ಕಿತ್ತ ದಿನವೇ ಮಾಡಬೇಕು; ಈ ಹಣ್ಣು ಒಂದು ರಾತ್ರಿಯನ್ನೂ ತಾಳದು. ಬೆರಳ ಕಲೆ ಎರಡು ದಿನ ಉಳಿಯುತ್ತದೆ.

ಯುಗಾದಿಯ ಹೊತ್ತಿಗೆ ಅದು ತಟ್ಟೆಯ ಮೇಲೆ ನಡುಗುತ್ತ ನಿಲ್ಲುವುದನ್ನು ಕಲಿತಿತ್ತು. ಅವ್ವ ಎದ್ದು ಓಡಾಡುತ್ತಿದ್ದಳು. ಹಬ್ಬದ ದಿನ ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿ ಕುಳಿತು, ನಾನು ಏನೇನು ಹಾಕುತ್ತೇನೆಂದು ಒಂದೊಂದನ್ನೂ ಕೇಳಿ ತಿಳಿದಳು. ಒಂದು ಬಟ್ಟಲನ್ನು ಮಾದಪ್ಪನ ಪಟದ ಮುಂದಿಟ್ಟು, ಕರ್ಪೂರ ಬೆಳಗಿ, ಪ್ರಸಾದವಾಗಿ ಒಂದು ಚಮಚೆ ಬಾಯಿಗಿಟ್ಟುಕೊಂಡಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಯಾಡಿಸಿ, ಹೇಳಿದಳು:

"ಮೊದಲ್ನೇದೇ ಚಂದಾಗಿತ್ತು. ಅದು ತಾನಾಗೇ ಕರುಗ್ತಿತ್ತು. ಇದನ್ನ ಅಗೀಬೇಕು."

ಅದು ಸತ್ಯ. ಜೆಲಟಿನ್ ನಮ್ಮ ಮೈಶಾಖಕ್ಕಿಂತ ಕಡಿಮೆ ಬಿಸಿಯಲ್ಲೇ ಕರಗುತ್ತದೆ; ಅದಕ್ಕೇ ನಾಲಗೆಯ ಮೇಲಿಟ್ಟ ಕೂಡಲೇ ಕಾಣೆಯಾಗುತ್ತದೆ. ಕಡಲ ಪಾಚಿ ಕರಗಬೇಕಾದರೆ ಸುಮಾರು 85 ಡಿಗ್ರಿ ಶಾಖ ಬೇಕು. ಬಾಯಿಯಲ್ಲಿ ಅದು ಕರಗುವುದಿಲ್ಲ, ಮುರಿಯುತ್ತದೆ. ಎಷ್ಟು ತೂಗಿದರೂ ಈ ವ್ಯತ್ಯಾಸ ಹೋಗದು. ನಾನು ಅದನ್ನು ವಿವರಿಸಹೊರಟೆ. ಅವ್ವ ಕೈಯೆತ್ತಿ ತಡೆದಳು. "ಇರ್ಲಿ ಬುಡು. ಅಗೀತೀನಿ" ಎಂದು ಬಟ್ಟಲು ಮುಗಿಸಿದಳು.

ಆ ಯುಗಾದಿ ಕಳೆದು ಎರಡು ವರ್ಷವಾಯಿತು. ಅರಿಸಿನದ ಬಟ್ಟೆಯ ಎರಡು ಗಂಟುಗಳು ಬೆಟ್ಟಕ್ಕೆ ಹೋದ ಬಂಧುಗಳೊಂದಿಗೆ ಹುಂಡಿ ಸೇರಿದವು. ಟೊರಿನೋದ ಮನೆಯೊಡತಿಗೆ ಮಗಳ ಮೂಲಕ ಇದೆಲ್ಲವನ್ನೂ ತಿಳಿಸಿದೆ. ಆಕೆ ಕಳಿಸಿದ ಉತ್ತರ ಒಂದೇ ಸಾಲಿನದು: ಬಿಗಾತ್ ಸಾಕಿದ ಹೆಂಗಸರೆಲ್ಲ ಒಂದೇ ಜಾತಿ.

ಸಮ್ಮೇಳನದ ಎರಡನೆಯ ದಿನದ ಊಟಕ್ಕೆ ಮಹಿಳಾ ವಿಭಾಗದವರು ಮನೆಯಿಂದ ಒಂದೊಂದು ಸಿಹಿ ತರಬೇಕೆಂದು ತೀರ್ಮಾನವಾಗಿದೆ. ನಾನು ಇದನ್ನೇ ತರುತ್ತೇನೆ. ಬದುವಿನ ಮರಗಳು ಈ ವರ್ಷವೂ ತುಂಬ ಕಚ್ಚಿವೆ. ಪಾತ್ರೆಯ ಪಕ್ಕದಲ್ಲಿ ಒಂದು ಚೀಟಿ ಇರುತ್ತದೆ: ಹಾಲು, ಕೆನೆ, ಸಕ್ಕರೆ, ಏಲಕ್ಕಿ, ನಿಂಬೆ, ಕಂಬಳಿ ಹಣ್ಣು, ಕಡಲ ಪಾಚಿ. ಅವ್ವ ಹೇಳಿ ಬರೆಸಿದ್ದು. ಬರೆದಾದ ಮೇಲೆ ಎರಡು ಸಲ ಓದಿಸಿ, ಬೆರಳು ಮಡಿಸಿ ಎಣಿಸಿ ನೋಡಿದಳು. ಏಳೂ ಇದ್ದವು.